ಬಹರೈನಿನ ತೊಟ್ಟಿಲಿಗೆ ಹಡಗಿನವಳ ಗಂಟು

ನಾನು ವಿಮಾನ ಹತ್ತಿದ್ದು ಊರು ನೋಡಲಿಕ್ಕಲ್ಲ, ಮೊಮ್ಮಗನನ್ನು ನೋಡಲಿಕ್ಕೆ. ಹಾಗಾಗಿ ಬಹರೈನಿನಲ್ಲಿ ಎಷ್ಟು ಎತ್ತರದ ಕಟ್ಟಡ ಉಂಟು, ರಾಜರ ಅರಮನೆ ಯಾವ ಕಡೆ ಉಂಟು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಮೊಮ್ಮಗನ ಎಡಗಿವಿಯ ಹಿಂದೆ ಒಂದು ಮಚ್ಚೆ ಉಂಟು, ಅದು ಗೊತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತವಳು ನಾನು, ಬರೆದು ಅಭ್ಯಾಸ ಇಲ್ಲ. ಆದರೆ ಬಂದ ಮೇಲೆ ಇದೇ ಕಥೆ ಬಾಯಲ್ಲಿ ಹೇಳಿ ಹೇಳಿ, ಕೇರಿಯವರು ಈಗ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಕಾಗದವಾದರೆ ಮಧ್ಯದಲ್ಲಿ ಎದ್ದು ಹೋಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ವಿಮಾನ ನಿಲ್ದಾಣ

ಮಗಳು ವನಿತಾ ಹೆತ್ತಳು ಅಂತ ಸುದ್ದಿ ಬಂದಾಗ ನನ್ನ ವೀಸಾ ತಯಾರಿತ್ತು. ಅಳಿಯ ಪ್ರವೀಣ ಸಿತ್ರಾದಲ್ಲಿ ಕಾರ್ಖಾನೆಯ ಪಾಳಿ ಕೆಲಸದವರು. "ಮಾಮಿ, ಸಾಮಾನು ಕಡಿಮೆ ತನ್ನಿ, ಇಲ್ಲಿ ಎಲ್ಲ ಸಿಗುತ್ತದೆ" ಅಂದಿದ್ದರು ಫೋನಿನಲ್ಲಿ. ಸೀರೆ ಕಡಿಮೆಯೇ ತಂದೆ. ಉಳಿದ ಜಾಗದಲ್ಲಿ ತೊಟ್ಟಿಲು ತಂದೆ.

ಹಲಸಿನ ಮರದ ತೊಟ್ಟಿಲು. ಅದರಲ್ಲಿ ನಾನು ಮಲಗಿದ್ದೇನೆ, ನನ್ನ ತಮ್ಮಂದಿರು ಮಲಗಿದ್ದಾರೆ, ನನ್ನ ಮಕ್ಕಳೆಲ್ಲ ಅದರ ಹಲಗೆಗೆ ಒದ್ದು ಒದ್ದೇ ದೊಡ್ಡವರಾದದ್ದು. ಕೀಲು ಬಿಚ್ಚಿದರೆ ಹಲಗೆಯ ಕಟ್ಟು ಅಷ್ಟೆ. ಹೆಸರಿಡುವ ದಿನ ನನ್ನ ಮೊಮ್ಮಗ ಅದರಲ್ಲೇ ಮಲಗಬೇಕು, ಮೇಲಿನಿಂದ ತೂಗಿ ಬಿಟ್ಟ ತೊಟ್ಟಿಲಲ್ಲಿ. ಕಾಲಿರುವ, ಚಕ್ರವಿರುವ, ಗುಂಡಿ ಒತ್ತಿದರೆ ಹಾಡು ಹೇಳುವ ಪ್ಲಾಸ್ಟಿಕಿನದ್ದರಲ್ಲಿ ಅಲ್ಲ. ಇದೊಂದೇ ನನ್ನ ಆಸೆ.

ಕಸ್ಟಮ್ಸಿನಲ್ಲಿ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಹಲಗೆ ತಿರುವಿ ತಿರುವಿ ನೋಡಿದಳು. ಇದು ಎಂತದು ಅಂತ ಅವಳ ಹುಬ್ಬು ಕೇಳಿತು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ಎರಡು ಕೈ ಜೋಡಿಸಿ ತೂಗಿ ತೋರಿಸಿದೆ, ಜೋ ಜೋ ಅಂತ ರಾಗವನ್ನೂ ಎಳೆದೆ. ಅವಳು ಒಳಗಿನಿಂದ ಇನ್ನಿಬ್ಬರನ್ನು ಕರೆದಳು. ನನ್ನನ್ನು ಹಿಡಿದು ಹಾಕುತ್ತಾರೆ ಅಂತಲೇ ತಿಳಿದೆ. ಬಂದವರು ನನ್ನ ಕೈ ಕಡೆ ನೋಡುತ್ತ ಕಾದು ನಿಂತರು. ಅವರಿಗೆ ಇನ್ನೊಮ್ಮೆ ಹಾಡಬೇಕಿತ್ತಂತೆ. ಹಾಡಿದೆ. ಹಲಗೆ ಬಿಟ್ಟರು.

ಜುಫೈರ್, ಮಗಳ ಮನೆ, ಮೂರನೇ ಮಾಳಿಗೆ

ಮೊಮ್ಮಗನನ್ನು ಕಂಡದ್ದನ್ನು ಬರೆಯಲಿಕ್ಕೆ ಹೋದರೆ ಬೇರೆ ಎಂತದಕ್ಕೂ ಜಾಗ ಉಳಿಯುವುದಿಲ್ಲ. ಒಂದೇ ಮಾತು ಹೇಳುತ್ತೇನೆ, ಬೇಯಿಸಿದ ಗೆಣಸಿನ ಹಾಗಿದ್ದ.

ಆಮೇಲೆ ತೊಟ್ಟಿಲು ಎಲ್ಲಿಂದ ತೂಗಿ ಬಿಡುವುದು ಅಂತ ತಲೆ ಎತ್ತಿ ಮನೆಯ ಮಾಡು ನೋಡಿದೆ. ಮರದ ಪಕ್ಕಾಸು ಇಲ್ಲ, ಜಂತಿ ಇಲ್ಲ, ಬಿಳಿ ಕಾಂಕ್ರೀಟು. ಚಾವಡಿಯ ನಡುವೆ ಹಿಂದೆ ಯಾರೋ ಫ್ಯಾನು ನೇತುಹಾಕಿದ್ದ ಒಂದು ಕಬ್ಬಿಣದ ಬಳೆ ಮಾತ್ರ ಉಂಟು, ಅದಕ್ಕೂ ಬಣ್ಣ ಬಳಿದು ಬಳಿದು ಹಪ್ಪಳದಷ್ಟು ದಪ್ಪ ಪದರ.

"ಅದು ತಡೆಯುತ್ತದೋ ಇಲ್ಲವೋ ಯಾರಿಗೆ ಗೊತ್ತು ಮಾಮಿ. ಒಳಗೆ ತುಕ್ಕು ಹಿಡಿದಿದ್ದರೆ?" ಅಂದರು ಪ್ರವೀಣ.

"ಹಾಗಾದರೆ ಬೇರೆ ಕೊಕ್ಕೆ ಹಾಕಿಸಿ."

ಕಟ್ಟಡದ ಕಾವಲುಗಾರನಿಗೆ ನಾತೂರ್ ಅಂತ ಹೇಳುತ್ತಾರೆ ಅಲ್ಲಿ. ನಮ್ಮ ನಾತೂರ್ ಕರೀಂ ಭಾಯಿ. ಕೊಕ್ಕೆಯ ಮಾತು ಕೇಳಿದ್ದೇ ಎದೆ ಹಿಡಿದುಕೊಂಡ. "ತೂತು ಮಾತ್ರ ಬೇಡ ಅಮ್ಮಾ. ಯಜಮಾನರಿಗೆ ಈ ಮಾಡು ಸ್ವಂತ ಮಗುವಿನ ಹಾಗೆ," ಅಂತ ಹಿಂದಿಯಲ್ಲಿ ಹೇಳಿದ. ಇಲ್ಲಿ ನನ್ನದೂ ಒಂದು ಸ್ವಂತ ಮಗುವೇ ಅಂತ ನಾನು ಕನ್ನಡದಲ್ಲಿ ಹೇಳಿದೆ. ಕೆಲಸ ಮುಂದೆ ಹೋಗಲಿಲ್ಲ.

ಎದುರು ಬಾಗಿಲಿನ ಹೊರಗೆ ಯಾವಾಗಲೂ ಎರಡು ಜೋಡಿ ದೊಡ್ಡ ಬೂಟು. ಒಳಗಿದ್ದವರು ಇಬ್ಬರು ಹುಡುಗಿಯರು, ಒಬ್ಬಳು ಬಿಳಿ, ಒಬ್ಬಳು ಕಪ್ಪು. ಸಾದಾ ಪ್ಯಾಂಟು ಅಂಗಿ ಹಾಕಿ ಓಡಾಡುತ್ತಿದ್ದರು. ಒಮ್ಮೊಮ್ಮೆ ಹಗಲಿಡೀ ಮಲಗುವುದು, ಒಮ್ಮೊಮ್ಮೆ ಎರಡು ದಿನ ಪತ್ತೆಯೇ ಇಲ್ಲದಿರುವುದು. ಯಾರ ಮನೆಯ ಹೆಣ್ಣುಮಕ್ಕಳೋ, ಹೇಳುವವರು ಕೇಳುವವರು ಇಲ್ಲವಾ ಅಂತ ನಾನು ಮಗಳ ಹತ್ತಿರ ಗೊಣಗಿದೆ.

"ಅಮ್ಮಾ, ಅವರು ಅಮೆರಿಕದ ನೇವಿಯವರು. ಹಡಗಿನಲ್ಲಿ ಕೆಲಸ. ಸುಮ್ಮನಿರು," ಅಂದಳು ವನಿತಾ.

ಇರಾಕಿನ ಯುದ್ಧ ನಡೆಯುತ್ತಿದ್ದ ವರ್ಷಗಳು. ಟೀವಿಯಲ್ಲಿ ದಿನವೂ ಹೊಗೆ. ಹೆಂಗಸರು ಯುದ್ಧದ ಹಡಗಿಗೆ ಹೋಗುತ್ತಾರೆ ಅಂತ ಕೇಳಿ ನಾನು ಆ ಬೂಟನ್ನು ಇನ್ನೊಮ್ಮೆ ಹೋಗಿ ನೋಡಿ ಬಂದೆ.

ಧೂಪ

ನಮ್ಮಲ್ಲಿ ಬಾಣಂತಿ ಮಿಂದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ತಾಯಿಯ ಕೂದಲಿಗೂ ಮಗುವಿನ ಮೈಗೂ ಹೊಗೆ ಕೊಡುವುದುಂಟು. ಒಳ್ಳೆಯ ಹೊಗೆ ಬರಬೇಕು, ಎದುರಿಗಿದ್ದವರ ಮುಖ ಕಾಣಬಾರದು. ನಾನು ಹಾಗೆಯೇ ಕೊಟ್ಟೆ. ಕಿಟಕಿ ಮುಚ್ಚಿತ್ತು, ಬಾಣಂತಿಗೆ ಗಾಳಿ ತಾಗಬಾರದಲ್ಲ. ಹೊಗೆ ಬಾಗಿಲ ಕೆಳಗಿನಿಂದ ಹೊರಗೆ ಹೋಗಿದೆ. ಹೊರಗೆ ಎಂತದೋ ಒಂದು ಕೂಗಲಿಕ್ಕೆ ಶುರುವಾಯಿತು, ಹೊಗೆ ಕಂಡರೆ ಬಡಿದುಕೊಳ್ಳುವ ಗಂಟೆಯಂತೆ ಅದು.

ಬಾಗಿಲು ದಡಾರನೆ ತೆರೆಯಿತು. ಬಿಳಿ ಹುಡುಗಿ ಬರಿಗಾಲಲ್ಲಿ, ಕೂದಲಿನಿಂದ ನೀರು ಸೋರುತ್ತ, ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ಹಿಡಿದು ನಿಂತಿದ್ದಾಳೆ. ಹೊಗೆಯ ನಡುವೆ ನಾನು ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಕೂತಿದ್ದೇನೆ. ಅವಳು ಒಂದೇ ಹಾರಿಗೆ ಬಂದು ಮಗುವನ್ನು ಕಸಿದುಕೊಂಡು ಮೆಟ್ಟಿಲ ಕಡೆ ಓಡಿದಳು.

ನನ್ನ ಮೊಮ್ಮಗನನ್ನು ಅಮೆರಿಕದವರು ಕೊಂಡುಹೋದರು ಅಂತಲೇ ನಾನು ತಿಳಿದದ್ದು. ಕೆಂಡ ತೆಗೆಯುವ ಸೌಟು ಹಿಡಿದು ಹಿಂದೆಯೇ ಓಡಿದೆ. ನನ್ನ ಹಿಂದೆ ತಲೆಗೆ ಬಟ್ಟೆ ಸುತ್ತಿದ ವನಿತಾ, ಅವಳ ಹಿಂದೆ ಕರೀಂ ಭಾಯಿ. ಒಂದು ಮಾಳಿಗೆ ಕೆಳಗೆ ಹೋದಾಗ ಹುಡುಗಿ ಮಗುವಿನ ಎದೆಗೆ ಕಿವಿ ಇಟ್ಟು ಉಸಿರು ಕೇಳುತ್ತಿದ್ದಳು. ಮಗು ಅವಳ ಒದ್ದೆ ಕೂದಲು ಹಿಡಿದು ನಿದ್ದೆ ಮಾಡುತ್ತಿತ್ತು.

ವನಿತಾ ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿದ ಮೇಲೆ ಆ ಹುಡುಗಿಯ ಮುಖ ಬಂಗುಡೆ ಮೀನಿನ ಕಿವಿರಿನ ಹಾಗೆ ಕೆಂಪಾಯಿತು. ಹೆಸರು ಡೆನಿಸ್. ಹಡಗಿನಲ್ಲಿ ಅಡುಗೆಯವರಿಂದ ಹಿಡಿದು ಎಲ್ಲರೂ ಬೆಂಕಿ ಆರಿಸುವವರೇ ಅಂತೆ, ನೀರಿನ ನಡುವೆ ಬೇರೆ ಯಾರು ಬರುತ್ತಾರೆ. ದಿನ ಬಿಟ್ಟು ದಿನ ಸುಳ್ಳು ಬೆಂಕಿ ಮಾಡಿ ಓಡಿಸಿ ಅಭ್ಯಾಸ ಮಾಡಿಸುತ್ತಾರಂತೆ. "ನಿದ್ದೆಯಲ್ಲೂ ನನ್ನ ಕಾಲು ಓಡುತ್ತದೆ," ಅಂದಳು.

"ನನ್ನ ಧೂಪದಿಂದ ನಿನಗೆ ಒಂದು ನಿಜವಾದದ್ದು ಸಿಕ್ಕಿತಲ್ಲ ಮಾರಾಯ್ತಿ," ಅಂದೆ. ವನಿತಾ ಅದನ್ನೂ ಹೇಳಿದಳು. ಡೆನಿಸ್ ಸೌಟಿನ ಕಡೆ ನೋಡಿ, ಅಜ್ಜಿಯನ್ನೂ ಹಡಗಿಗೆ ಸೇರಿಸಿಕೊಳ್ಳಬಹುದು ಅಂದಳು.

ತುಕ್ಕಿನ ಮಾತು

ಆ ದಿನದಿಂದ ಅವಳು ಚಹಾಕ್ಕೆ ಬರಲಿಕ್ಕೆ ಶುರು ಮಾಡಿದಳು. ನೇವಿ ಅಂದರೆ ಬೆಳಗಿನಿಂದ ಸಂಜೆಯವರೆಗೆ ಗುಂಡು ಹಾರಿಸುವುದು ಅಂತ ನಾನು ತಿಳಿದಿದ್ದೆ. ಅವಳ ಕೆಲಸ ಹಗ್ಗ, ಲಂಗರು, ಬಣ್ಣ. ಉಪ್ಪುಗಾಳಿಗೆ ಹಡಗಿನ ಕಬ್ಬಿಣ ಎಲ್ಲೆಲ್ಲಿ ತುಕ್ಕು ಹಿಡಿದು ಏಳುತ್ತದೋ ಅಲ್ಲಲ್ಲಿ ಉಳಿ ಹಿಡಿದು ಕೆರೆಯುವುದು, ಒರೆಸುವುದು, ಬೂದು ಬಣ್ಣ ಹೊಡೆಯುವುದು. ಆ ತುದಿಗೆ ಮುಟ್ಟುವಾಗ ಈ ತುದಿಯಲ್ಲಿ ಪುನಃ ತುಕ್ಕು. ಮಲ್ಪೆಯಲ್ಲಿ ಮಳೆಗಾಲಕ್ಕೆ ಬೋಟು ಮೇಲೆ ಎಳೆದಾಗ ನಮ್ಮ ಗಂಡಸರು ಮಾಡುವುದೂ ಇದೇ, ಆದರೆ ಅವರು ನಡುವೆ ನಡುವೆ ಬೀಡಿ ಸೇದುತ್ತಾರೆ.

"ಯುದ್ಧ ಎಲ್ಲಿ ಉಂಟೋ ನಾನು ಕಂಡಿಲ್ಲ. ತುಕ್ಕು ಎಲ್ಲಿ ಉಂಟು ಅಂತ ಗೊತ್ತು," ಅಂದಳು ಡೆನಿಸ್.

ಕೆರೆಯುವುದು ಮುಗಿದರೆ ಪಹರೆ. ದುರ್ಬೀನು ಹಿಡಿದು ನೀರು ನೋಡುತ್ತ ನಿಲ್ಲುವುದು. ತೇಲಿ ಬರುವ ಮರದ ತುಂಡು, ಡಬ್ಬಿ, ಮೀನಿನ ದೋಣಿ, ಯಾವುದನ್ನೂ ಸುಮ್ಮನೆ ಬಿಡುವ ಹಾಗಿಲ್ಲ, ಯಾವುದರಲ್ಲಿ ಬಾಂಬು ಉಂಟೋ. ಹೆಂಗಸರಿಗೆ ಮಲಗಲಿಕ್ಕೆ ಬೇರೆ ಕೋಣೆ, ಒಂದರ ಮೇಲೊಂದು ಮೂರು ಮಂಚ, ಪರದೆ. ಮಗ್ಗುಲು ಬದಲಿಸಬೇಕಾದರೆ ಮೊದಲು ಯೋಚನೆ ಮಾಡಬೇಕಂತೆ. ಸ್ನಾನಕ್ಕೆ ನೀರು ಬಿಟ್ಟು ಮೈ ಒದ್ದೆ ಮಾಡಿ ನಿಲ್ಲಿಸಬೇಕು, ಸೋಪು ಹಾಕಿ ಆಮೇಲೆ ಪುನಃ ಬಿಡಬೇಕು. ಸುತ್ತ ಸಮುದ್ರ, ಆದರೂ ನೀರಿಗೆ ಲೆಕ್ಕ. ಮೇಲಿನವರು ಬಂದು ಪೈಪಿನ ಮೇಲೆ ಬೆರಳು ಎಳೆದು ಧೂಳು ನೋಡುತ್ತಾರಂತೆ. ಹಾಗಾದರೆ ಹಡಗಿನಲ್ಲೂ ಅತ್ತೆ ಉಂಟು ಅಂದೆ. ಅದನ್ನು ಅವಳು ತನ್ನ ಜೊತೆಯವಳು ಕೀಶಾಳಿಗೆ ಹೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಕೀಶಾ ಎಂಜಿನಿನ ಹತ್ತಿರ ಕೆಲಸ ಮಾಡುವವಳು, ಅವಳ ಉಗುರಿನ ಎಣ್ಣೆ ಯಾವ ಸೋಪಿಗೂ ಹೋಗುವುದಿಲ್ಲ.

ಡೆನಿಸಿಗೆ ಎರಡು ವರ್ಷದ ಮಗಳುಂಟು, ಅಮೆರಿಕದಲ್ಲಿ ಡೆನಿಸಿನ ಅಮ್ಮನ ಹತ್ತಿರ ಇರುವುದು. ಪಟ ತೋರಿಸಿದಳು. ಪಟದಲ್ಲಿ ಮಗುವಿನ ಹಿಂದೆ ಅರ್ಧ ಮಾತ್ರ ಕಾಣುವ ಒಬ್ಬಳು ಹೆಂಗಸು, ಬಗ್ಗಿ ಮಗುವಿನ ಮೂಗು ಒರೆಸುತ್ತಿದ್ದಾಳೆ. ಅಜ್ಜಿಯಂದಿರು ಎಲ್ಲ ಕಡೆ ಪಟದಲ್ಲಿ ಅರ್ಧವೇ ಕಾಣುವುದು.

ಅವಳು ಹಗ್ಗದವಳು ಅಂತ ಗೊತ್ತಾದ ಮೇಲೆ ನಾನು ಸುಮ್ಮನೆ ಕೂರುತ್ತೇನಾ. ಕೈ ಹಿಡಿದು ಎಳೆದು ತಂದು ಬಳೆಯ ಕೆಳಗೆ ನಿಲ್ಲಿಸಿದೆ. ಮೂಲೆಯಲ್ಲಿದ್ದ ತೊಟ್ಟಿಲ ಹಲಗೆ ತೋರಿಸಿದೆ. ಜೋ ಜೋ ಹಾಡಿದೆ. ಅವಳು ಸ್ಟೂಲು ಹತ್ತಿ ಬಳೆಯನ್ನು ಉಗುರಿನಿಂದ ಕೆರೆದಳು, ಮೂಸಿದಳು, ಹೋಗಿ ಉಳಿ ತಂದಳು. ಚಾವಡಿ ಇಡೀ ಬಣ್ಣದ ಹಪ್ಪಳ ಉದುರಿತು. ಕರೀಂ ಭಾಯಿ ಬಾಗಿಲಲ್ಲಿ ನಿಂತು ದೇವರನ್ನು ಕರೆದ. ಒಳಗೆ ಕಬ್ಬಿಣ ಗಟ್ಟಿ ಇತ್ತು, ಮೇಲೆ ಮಾತ್ರ ತುಕ್ಕು.

"ಒರೆಸಿ ಬಣ್ಣ ಹಾಕುತ್ತೇನೆ, ಅದು ಒಣಗಬೇಕು. ಹೆಸರಿಡುವ ದಿನ ಒಳ್ಳೆಯ ಹಗ್ಗ ತಂದು ನಾನೇ ಕಟ್ಟುತ್ತೇನೆ," ಅಂದಳು. "ಬೇರೆ ಯಾರೂ ಮುಟ್ಟಬಾರದು. ಹಡಗಿನಲ್ಲಿ ಕಟ್ಟಿದವರೇ ಬಿಚ್ಚುವುದು, ಅದು ನಿಯಮ."

ಬಳೆಗೆ ಬೂದು ಬಣ್ಣ ಬಂತು. ಹಡಗಿನ ಬಣ್ಣ.

ಸೀಫ್

ಬಟ್ಟೆ ತರಲಿಕ್ಕೆ ಪ್ರವೀಣ ನನ್ನನ್ನು ಸೀಫಿನ ದೊಡ್ಡ ಮಾಲಿಗೆ ಕರೆದುಕೊಂಡು ಹೋದರು. ಅದಕ್ಕೂ ಮೊದಲು ಮನಾಮಾದ ಮೀನು ಮಾರ್ಕೆಟ್ಟು ತೋರಿಸಿದ್ದರು. ಅಲ್ಲಿ ಗಂಡಸರು ಮೀನು ಮಾರುತ್ತ ಕೂತದ್ದು ಕಂಡು ನನಗೆ ಪಾಪ ಅನಿಸಿತ್ತು. ಕೂಗಲಿಕ್ಕೆ ಬಾರದು, ಬೈಯಲಿಕ್ಕೆ ಬಾರದು, ಕಿವಿರು ಎತ್ತಿ ನೋಡಿದರೆ ಮುಖ ಸಣ್ಣ ಮಾಡುತ್ತಾರೆ. ಗಂಡಸರು ಮೀನು ಮಾರುವುದು, ಹೆಂಗಸರು ಹಡಗಿಗೆ ಹೋಗುವುದು. ಎಲ್ಲ ತಿರುಗಾಮುರುಗಾ.

ಮಾಲಿನ ಒಳಗೆ ಎದುರಿನಿಂದ ಡೆನಿಸ್ ಮತ್ತು ಕೀಶಾ ಗಾಡಿ ತಳ್ಳಿಕೊಂಡು ಬಂದರು. ಗಾಡಿ ತುಂಬ ನೂಡಲ್ಸು, ಕಾಲುಚೀಲ, ಬಿಸ್ಕತ್ತು, ಮೈ ಒರೆಸುವ ಒದ್ದೆ ಕಾಗದದ ಕಟ್ಟುಗಳು. ನಾನು ಬಗ್ಗಿ ಗಾಡಿಯ ಸಾಮಾನು ಲೆಕ್ಕ ಹಾಕಿದೆ.

ಮಲ್ಪೆಯಲ್ಲಿ ಬೋಟು ಯಾವತ್ತು ಹೊರಡುತ್ತದೆ ಅಂತ ನಾವು ಹೆಂಗಸರು ಯಾರ ಹತ್ತಿರವೂ ಕೇಳುವುದಿಲ್ಲ. ಮಂಜುಗಡ್ಡೆ ಎಷ್ಟು ಏರಿತು, ಅಕ್ಕಿ ಎಷ್ಟು ಹೋಯಿತು ನೋಡಿದರೆ ಸಾಕು. ಇಷ್ಟು ನೂಡಲ್ಸು ಅಂದರೆ ದೂರದ ದಾರಿ, ಬೇಗ ಹೊರಡುವುದು.

"ಪ್ರವೀಣ, ಇವರ ಹಡಗು ನಾಡಿದ್ದು ಹೊರಡುತ್ತದೆ. ಕೇಳಿ ನೋಡಿ," ಅಂದೆ. ಮೀನು ಮಾರಿದ ಗಂಟಲು, ಸಣ್ಣ ದನಿ ಬರುವುದಿಲ್ಲ. ಬೆಣ್ಣೆ ಸಾಲಿನಿಂದ ಸೋಪಿನ ಸಾಲಿನವರೆಗೆ ಎಲ್ಲರೂ ತಿರುಗಿದರು.

"ಮಾಮಿ, ಹಡಗಿನ ವಿಷಯ ಹೀಗೆಲ್ಲ ಕೂಗಬಾರದು. ಯುದ್ಧದ ಕಾಲ," ಅಂತ ಪ್ರವೀಣ ಒಂದು ಟವಲಿನ ಹಿಂದೆ ಮುಖ ಇಟ್ಟರು. ನಾನು ಬಿಡಲಿಲ್ಲ. ಅವರು ಪಿಸುಪಿಸು ಕೇಳಿದರು. ಡೆನಿಸ್ ತುಟಿಯ ಮೇಲೆ ಬೆರಳಿಟ್ಟು, "ಹೇಳುವ ಹಾಗಿಲ್ಲ ಅಜ್ಜಿ," ಅಂದಳು.

ಹೇಳುವ ಹಾಗಿಲ್ಲ ಅಂದ ಮೇಲೆ ಇನ್ನೆಂತ ಬಾಕಿ. ಮನೆಗೆ ಬಂದವಳೇ ಹೆಸರಿಡುವುದನ್ನು ಇಟ್ಟ ದಿನಕ್ಕಿಂತ ಮೊದಲೇ, ಮರುದಿನದ ಶುಕ್ರವಾರಕ್ಕೆ ಹಾಕಿದೆ. ಶುಕ್ರವಾರ ಅಲ್ಲಿ ರಜೆ, ಅದೂ ಅನುಕೂಲ. ವನಿತಾ ಎದುರು ಬಾಗಿಲಿಗೆ ಹೋಗಿ ಡೆನಿಸಿಗೆ ಹೇಳಿ ಬಂದಳು. ಪಡುಬಿದ್ರಿಯಲ್ಲಿದ್ದ ಬೀಗಿತ್ತಿಗೆ, ಪ್ರವೀಣನ ಅಮ್ಮನಿಗೆ, ಫೋನು ಮಾಡಿದೆ.

"ಅಕ್ಕಾ, ದಿನ ಇಟ್ಟದ್ದು ನಮ್ಮ ಭಟ್ಟರು. ನನ್ನ ಮೊಮ್ಮಗನಿಗೆ ಹೆಸರಿಡುವ ದಿನವನ್ನು ಈಗ ಅಮೆರಿಕದ ನೇವಿ ನಿಶ್ಚಯ ಮಾಡುವುದಾ?"

"ತೊಟ್ಟಿಲು ಕಟ್ಟುವವಳು ಹೋದರೆ ಭಟ್ಟರು ಬಂದು ಸ್ಟೂಲು ಹತ್ತುತ್ತಾರಾ?" ಅಂದೆ. ಅವರು ಭಟ್ಟರಿಗೆ ಫೋನು ಮಾಡಿ ಕೇಳಿದರು. ಭಟ್ಟರು ಶುಕ್ರವಾರವೂ ಆದೀತು ಅಂದರಂತೆ.

ಶುಕ್ರವಾರ

ಪಾಯಸ ಆಯಿತು. ಪ್ರವೀಣನ ಜೊತೆ ಕೆಲಸ ಮಾಡುವ ನಮ್ಮ ಊರ ಕಡೆಯವರೆಲ್ಲ ಹೆಂಡತಿ ಮಕ್ಕಳ ಸಮೇತ ಬಂದು ಕೂತರು. ಮಗು ಹೊಸ ಅಂಗಿಯನ್ನು ಒದ್ದೆ ಮಾಡಿ ಇನ್ನೊಂದು ಹೊಸ ಅಂಗಿ ಹಾಕಿಕೊಂಡಿತು. ತೊಟ್ಟಿಲು ಕೀಲು ಜೋಡಿಸಿ ನೆಲದ ಮೇಲೆ ಕೂತಿತ್ತು. ಡೆನಿಸ್ ಇಲ್ಲ. ಕೀಶಾ ಬಂದು ಹೇಳಿದಳು, ಅವಳಿಗೆ ಹಡಗಿನಲ್ಲಿ ಕಾವಲಿನ ಸರದಿ, ಬಿಡುವವರೆಗೆ ಇಳಿಯುವ ಹಾಗಿಲ್ಲ.

"ನಾನೇ ಕಟ್ಟುತ್ತೇನೆ ಮಾಮಿ," ಅಂತ ಪ್ರವೀಣ ಎದ್ದರು.

"ಕಟ್ಟಿ. ಆಮೇಲೆ ಅದರಲ್ಲಿ ನೀವೇ ಮಲಗಿ," ಅಂದೆ. ಕೂತರು.

ಪಾಯಸ ಕೆನೆ ಕಟ್ಟಿತು. ನಾನು ಬಾಗಿಲಿಗೂ ಕಿಟಕಿಗೂ ನಡೆದೆ. ಪ್ರವೀಣ ಮೊದಲೇ ತಂದಿಟ್ಟಿದ್ದ ಪ್ಲಾಸ್ಟಿಕಿನ ತೊಟ್ಟಿಲು ಮೂಲೆಯಿಂದ ನನ್ನನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು. ಲಿಫ್ಟಿಗೂ ಕಾಯದೆ ಓಡಿ ಬಂದಿದ್ದಳು. ಕೆನ್ನೆಯಲ್ಲಿ ಬೂದು ಬಣ್ಣ, ಹೆಗಲಲ್ಲಿ ಹಗ್ಗ, ಕೈಯಲ್ಲಿ ಭಾರದ ಚೀಲ.

ಅವಳು ಗಂಟು ಹಾಕುವುದನ್ನು ನಾನು ಕೆಳಗಿನಿಂದ ನೋಡಿದೆ. ಬಲೆ ಹೆಣೆದ ಕೈ ನನ್ನದು, ನನಗೂ ಗಂಟು ಗೊತ್ತು. ಒಂದು ಸುತ್ತು ಹೆಚ್ಚು ಹಾಕಿದಳು ಅಂತ ಹೇಳಬೇಕೆಂದಿದ್ದೆ, ಹೇಳಲಿಲ್ಲ. ತೊಟ್ಟಿಲು ಏರಿ ನಿಂತಿತು. ನಾನು ಮಗುವನ್ನು ಎತ್ತಿಕೊಂಡೆ.

ಡೆನಿಸ್ ಕೈ ಅಡ್ಡ ಹಿಡಿದಳು. "ಇಲ್ಲ. ಮೊದಲು ಭಾರ. ಹಡಗಿನಲ್ಲಿ ಹಗ್ಗದ ಮೇಲೆ ಮನುಷ್ಯರನ್ನು ಏರಿಸುವ ಮೊದಲು ಭಾರ ಹಾಕಿ ನೋಡುತ್ತೇವೆ. ಕ್ಯಾಪ್ಟನ್ ಬಂದು ಹೇಳಿದರೂ ಬಿಡುವುದಿಲ್ಲ." ಚೀಲದಿಂದ ವ್ಯಾಯಾಮದ ಕಬ್ಬಿಣದ ಡಂಬೆಲ್ಸು ತೆಗೆದಳು.

ವನಿತಾ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಲಿಲ್ಲ, ಕೂತಿದ್ದ ಹೆಂಗಸರೆಲ್ಲ ಒಂದೇ ಸಲ ನಗಲಿಕ್ಕೆ ಶುರು. ಯಾಕೆಂದರೆ ನಮ್ಮಲ್ಲೂ ಮಗುವನ್ನು ಮಲಗಿಸುವ ಮೊದಲು ದೋಸೆಹಿಟ್ಟು ಕಡೆಯುವ ಗುಂಡುಕಲ್ಲಿಗೆ ಟೊಪ್ಪಿ ಹಾಕಿ, ತೊಟ್ಟಿಲಲ್ಲಿ ಮಲಗಿಸಿ ತೂಗುವುದುಂಟು. ಬಹರೈನಿನ ಮನೆಗಳಲ್ಲಿ ಮಿಕ್ಸಿ ಇರುವುದು, ಕಲ್ಲು ಎಲ್ಲಿಂದ ತರುವುದು ಅಂತ ಆ ಕ್ರಮವನ್ನು ನಾನು ಬಿಟ್ಟೇ ಬಿಟ್ಟಿದ್ದೆ. ಅದು ಹಡಗಿನಿಂದ ನಡೆದುಕೊಂಡು ಬಂತು.

ನಾನು ಮಗುವಿನ ಹಳದಿ ಟೊಪ್ಪಿ ತೆಗೆದು ಡಂಬೆಲ್ಸಿನ ಒಂದು ತಲೆಗೆ ಹಾಕಿದೆ. ಶಾಲು ಹೊದೆಸಿದೆ. ಈಗ ಕಣ್ಣು ಬಿಟ್ಟು ನೋಡುವ ಸರದಿ ಡೆನಿಸಿನದ್ದು. ಹೆಂಗಸರು ಸುತ್ತ ನಿಂತು ತೂಗಿದರು.

"ಬಾಣಂತಿಗೆ ಎಷ್ಟು ಗಟ್ಟಿ ಮಗು."

"ಬೋಳುತಲೆ ನೋಡು, ಅಪ್ಪನದ್ದೇ ಅಚ್ಚು."

ಪ್ರವೀಣ ತಲೆ ಸವರಿಕೊಂಡರು. ಡೆನಿಸ್ ಮಾತ್ರ ನಗದೆ ಗಂಟನ್ನೇ ನೋಡುತ್ತಿದ್ದಳು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಆಮೇಲೆ ತಲೆ ಆಡಿಸಿದಳು. ಡಂಬೆಲ್ಸು ಇಳಿಯಿತು, ನನ್ನ ಮೊಮ್ಮಗ ಏರಿದ. ಅನ್ವಿತ್ ಅಂತ ಹೆಸರಾಯಿತು. ಫೋನಿನಲ್ಲಿ ಬೀಗಿತ್ತಿ ತೂಗುವ ಸದ್ದು ಕೇಳಬೇಕು ಅಂದರು, ಫೋನನ್ನು ಹಗ್ಗಕ್ಕೆ ಹಿಡಿದೆ. ಮರದ ಕೀಲು ಕಿರ್ ಅಂದಿತು. ನನ್ನ ಮಕ್ಕಳಿಗೂ ಹಾಗೆಯೇ ಅನ್ನುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತು, ಪಾಯಸ ಬಿಸಿ ಮಾಡಿ ತಂದೆ.

ಕೂಲಿ ಎಂತ ಬೇಕು ಅಂತ ಕೇಳಿದ್ದಕ್ಕೆ ಡೆನಿಸ್, ವನಿತಾಳಿಗೆ ಮಾಡಿಸುವಂಥ ಎಣ್ಣೆಸ್ನಾನ ತನಗೂ ಬೇಕು ಅಂದಳು. ತಾನು ಹೆತ್ತಾಗ ತನಗೆ ಯಾರೂ ನೀರು ಹೊಯ್ದಿರಲಿಲ್ಲವಂತೆ. ಮರುದಿನ ಕೂರಿಸಿ ಎಣ್ಣೆ ತಿಕ್ಕಿ ಹಂಡೆಯಷ್ಟು ಬಿಸಿನೀರು ಹೊಯ್ದೆ. ಎರಡು ಸಲ ಕೈ ಚಾಚಿ ನಲ್ಲಿ ನಿಲ್ಲಿಸಲಿಕ್ಕೆ ನೋಡಿದಳು. ಎರಡು ಸಲವೂ ಕೈಗೆ ಹೊಡೆದೆ.

ಎದುರು ಬಾಗಿಲು

ನಾಡಿದ್ದು ಹೋಗುತ್ತಾಳೆ ಅಂದವಳು ನಾನು. ನಾಡಿದ್ದು ಕಳೆಯಿತು, ವಾರ ಕಳೆಯಿತು, ಡೆನಿಸ್ ದಿನವೂ ಲಿಫ್ಟಿನಲ್ಲಿ ಸಿಕ್ಕಿ ನನ್ನ ಮುಖ ನೋಡಿ ನಗುತ್ತಾಳೆ. ಆ ಗಾಡಿ ತುಂಬ ಸಾಮಾನು ಹಡಗಿನಿಂದ ಇಳಿಯಲಿಕ್ಕೆ ಬಿಡುವಾಗದ ಜೊತೆಯವರು ತರಹೇಳಿದ್ದಂತೆ. ಬೀಗಿತ್ತಿ ಫೋನಿನಲ್ಲಿ, "ಹೋಯಿತಾ ಅಕ್ಕಾ ಹಡಗು?" ಅಂತ ವಿಚಾರಿಸುವುದನ್ನು ತಪ್ಪಿಸಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹಾಲು ತರಲಿಕ್ಕೆ ಬಾಗಿಲು ತೆಗೆದರೆ ಎದುರು ಬೂಟು ಇಲ್ಲ. ಎರಡು ಜೋಡಿಯೂ ಇಲ್ಲ. ಒಂದು ನೂಡಲ್ಸು ಪೊಟ್ಟಣ ಕೂಡ ಕೊಂಡುಹೋದದ್ದು ನಾನು ಕಂಡಿರಲಿಲ್ಲ.

ಸಮುದ್ರಕ್ಕೆ ಹೋದ ಗಂಡಸಿಗೆ ಕಾಯುವುದು ನನಗೆ ಅಭ್ಯಾಸ, ಮದುವೆಯಾದಾಗಿನಿಂದ ಅದೇ ಕೆಲಸ. ಹೆಂಗಸಿಗೆ ಕಾದದ್ದು ಇದೇ ಮೊದಲು. ಟೀವಿಯಲ್ಲಿ ಹೊಗೆ ಕಂಡರೆ ಎದ್ದು ಹೋಗಿ ತೊಟ್ಟಿಲ ಗಂಟು ಮುಟ್ಟಿ ಬರುತ್ತಿದ್ದೆ. ಕಟ್ಟಿದವರೇ ಬಿಚ್ಚಬೇಕು ಅಂತ ಅವಳೇ ಹೇಳಿದ್ದಾಳಲ್ಲ, ಅವಳದೇ ನಿಯಮ, ತಪ್ಪಲಿಕ್ಕಿಲ್ಲ.

ಟೊಪ್ಪಿ ಹಾಕಿದ ಡಂಬೆಲ್ಸು ನಮ್ಮ ಮನೆಯಲ್ಲೇ ಉಳಿಯಿತು. ವನಿತಾ ಅದನ್ನು ಬಾಗಿಲಿಗೆ ಅಡ್ಡ ಇಟ್ಟಳು, ಗಾಳಿಗೆ ಬಡಿಯದ ಹಾಗೆ.

ಹೊರಡುವ ವಾರ

ಅನ್ವಿತನಿಗೆ ಮೂರು ತಿಂಗಳಾಯಿತು. ನನ್ನ ಟಿಕೇಟು ಬಂತು. ನನಗೆ ಇನ್ನೊಂದೇ ಹಟ, ಹೊರಡುವ ಮೊದಲು ಅವನು ದನಿ ತೆಗೆದು ನಗಬೇಕು. ಬಾಯಿ ಅಗಲಿಸುತ್ತಿದ್ದ, ದನಿ ಇಲ್ಲ. ನಾನು ಕಾಗೆ ಆದೆ, ಬೆಕ್ಕು ಆದೆ, ಸೆರಗಿನಲ್ಲಿ ಅಡಗಿದೆ, ಪ್ರವೀಣನ ಹೆಲ್ಮೆಟ್ಟು ಹಾಕಿ ಕುಣಿದೆ. ದೊಡ್ಡ ಆಫೀಸರನ ಹಾಗೆ ನೋಡುತ್ತಿದ್ದ.

ಸಂಜೆ ಬಾಗಿಲು ತಟ್ಟಿದರು. ತೆಗೆದರೆ ಡೆನಿಸ್. ಮೂಗಿನ ಚರ್ಮ ಸುಲಿದು ಹೋಗಿದೆ, ಕೂದಲು ಒಣಹುಲ್ಲು. ನಾನು ಅವಳ ಎರಡೂ ಕೆನ್ನೆ ಹಿಡಿದು ನನ್ನ ಭಾಷೆಯಲ್ಲಿ ಚೆನ್ನಾಗಿ ಬೈದೆ. ವನಿತಾ ಯಾವುದನ್ನೂ ಇಂಗ್ಲಿಷಿಗೆ ಹಾಕಲಿಲ್ಲ, ಬೇಕಾಗಲೂ ಇಲ್ಲ.

ಮಗುವಿನ ಮುಖ ಮೊದಲು ನೋಡುತ್ತಾಳೆ ಅಂತ ನಾನು ತಿಳಿದರೆ, ಅವಳು ನೋಡಿದ್ದು ಗಂಟಿನ ಮುಖ. ಸ್ಟೂಲು ಹತ್ತಿದಳು, ಹಗ್ಗ ಅಲುಗಿಸಿದಳು. "ಎಳೆದು ಉದ್ದವಾಗಿದೆ. ಬೇರೆ ಹಾಕಬೇಕು," ಅಂತ ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟು, ಕಟ್ಟಿದ್ದನ್ನು ತಾನೇ ಬಿಚ್ಚಿ ಹೊಸ ಹಗ್ಗ ಕಟ್ಟಿದಳು. ನಾನು ಮಗುವನ್ನು ಇಡಲು ಹೋದೆ. ಕೈ ಅಡ್ಡ ಬಂತು.

"ಭಾರ," ಅಂದಳು.

ವನಿತಾ ಬಾಗಿಲಿಗೆ ಅಡ್ಡ ಇಟ್ಟಿದ್ದ ಡಂಬೆಲ್ಸು ತಂದಳು. ಹಳದಿ ಟೊಪ್ಪಿ ಅದರ ತಲೆಯಲ್ಲೇ ಇತ್ತು, ಧೂಳು ಹಿಡಿದು. ಡೆನಿಸ್ ಬೆರಳು ಎಳೆದು ಧೂಳು ನೋಡಿ, ಅತ್ತೆಯ ಹಾಗೆ ನನ್ನ ಕಡೆ ಒಂದು ನೋಟ ಹಾಕಿ, ಟೊಪ್ಪಿ ಕೊಡವಿ, ಅದನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಿದಳು. ಅದು ಗಂಭೀರವಾಗಿ ಹೋಯಿತು, ಬಂತು.

ನನ್ನ ಕಂಕುಳಲ್ಲಿದ್ದ ಅನ್ವಿತ್ ತನ್ನ ತೊಟ್ಟಿಲಲ್ಲಿ ತನ್ನ ಟೊಪ್ಪಿ ಹಾಕಿ ಮಲಗಿದವನನ್ನು ನೋಡಿದ. ಕತ್ತು ಚಾಚಿ ಇನ್ನೊಮ್ಮೆ ನೋಡಿದ. ಆಮೇಲೆ ಹೊಟ್ಟೆಯ ಒಳಗಿನಿಂದ ಕೊಡದ ನೀರು ಮಗುಚಿದ ಹಾಗೆ ಕಿಲಕಿಲ ಅಂತ ನಕ್ಕ. ಡಂಬೆಲ್ಸು ಬಂದಾಗೊಮ್ಮೆ ನಕ್ಕ, ಹೋದಾಗೊಮ್ಮೆ ನಕ್ಕ.

ಕಾಗೆ ಆದದ್ದು ನಾನು, ಬೆಕ್ಕು ಆದದ್ದು ನಾನು. ಅವನನ್ನು ನಗಿಸಿದ್ದು ಆ ಬೋಳು ಕಬ್ಬಿಣ. ಡೆನಿಸ್ ಫೋನು ತೆಗೆದು ಆ ನಗುವನ್ನು ಹಿಡಿದುಕೊಂಡಳು. ಅವಳ ಅಮ್ಮನಿಗೆ ಕಳಿಸಲಿಕ್ಕಂತೆ, ಆ ಕಡೆಯ ಅಜ್ಜಿಯೂ ಒಂದು ಡಂಬೆಲ್ಸು ತಂದು ಇಟ್ಟುಕೊಳ್ಳಲಿ ಅಂತ.